ಮತವೂ ಲೆಕ್ಕವೂ

ನೀಲಗಿರಿಯ ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ 1956ರ ರಾಜ್ಯ ಪುನರ್ವಿಂಗಡಣೆ ಬರಿಯ ಪಾಠವಲ್ಲ. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು. ಗೂಡಲೂರು, ಉದಕಮಂಡಲಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. ಈ ಗಡಿಗಳನ್ನು ಗೊತ್ತುಮಾಡಿದುದು ಸಂಸತ್ತಿನ ಕಾನೂನು. ಜನರ ನೇರ ಮತವಲ್ಲ.

ನೇರ ಮತ ನಡೆದುದು ಗೋವೆಯಲ್ಲಿ. ಮಹಾರಾಷ್ಟ್ರವನ್ನು ಸೇರಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂದು 1967ರ ಜನವರಿ 16ರಂದು ಜನರನ್ನೇ ಕೇಳಲಾಯಿತು. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕತೆಗೆ ಎರಡೆಲೆಯ ಗುರುತು. ವಿಲೀನವನ್ನು ಬಯಸಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರರ ಸರ್ಕಾರವು ಮತದಾನಕ್ಕೆ ಮೊದಲೇ ಅಧಿಕಾರ ಬಿಟ್ಟಿತು. ಎರಡೆಲೆಯು 34,021 ಮತಗಳ ಅಂತರದಿಂದ ಗೆದ್ದಿತು.

ಅಧಿಕಾರದ ಪ್ರಭಾವವನ್ನು ಹೀಗೆ ದೂರವಿರಿಸಬಹುದು, ಹಣದ ಪ್ರಭಾವವನ್ನು? 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಚುನಾವಣೆಯ ವೆಚ್ಚದ ಲೆಕ್ಕವನ್ನು ಅಭ್ಯರ್ಥಿಯು ಒಪ್ಪಿಸಬೇಕು. ಹೂವಿಗೂ ಎಲೆಗೂ ಅಭ್ಯರ್ಥಿಯಿಲ್ಲ. ಇಂಥ ಮತದಾನದಲ್ಲಿ ಲೆಕ್ಕ ಕೇಳಬೇಕಾದುದು ಪರವಾಗಿಯೂ ವಿರೋಧವಾಗಿಯೂ ಪ್ರಚಾರ ನಡೆಸುವ ಸಮಿತಿಗಳನ್ನು. ಅಮೆರಿಕೆಯ ಕ್ಯಾಲಿಫೋರ್ನಿಯದ ಮತದಾರರು 1974ರಲ್ಲಿ ತಮ್ಮ ನೇರ ಮತದಿಂದಲೇ ಅಂಥ ಕಾನೂನನ್ನು ತಂದರು.

ನಮ್ಮಲ್ಲಿ, ಕೊಟ್ಟವರ ಹೆಸರು ಹೊರಗೆ ತಿಳಿಯದಂತೆ ಪಕ್ಷಗಳಿಗೆ ಹಣ ಸಲ್ಲಿಸುವ ಚುನಾವಣಾ ಬಾಂಡುಗಳು 2018ರಲ್ಲಿ ಬಂದವು. ಮತದಾರನಿಗೆ ತಿಳಿಯುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ಅವನ್ನು ರದ್ದುಪಡಿಸಿತು. ಆ ಹಕ್ಕು ಅಭ್ಯರ್ಥಿಯಿಲ್ಲದ ಮತದಾನಕ್ಕೂ ಸಲ್ಲಬೇಕೆಂದು ನಾವು ಭಾವಿಸುತ್ತೇವೆ. ಮುಂದೆಂದಾದರೂ ನಮ್ಮ ವಿದ್ಯಾರ್ಥಿಗಳ ಎದುರಿಗೆ ಹೂವೋ ಎಲೆಯೋ ಎಂಬ ಪ್ರಶ್ನೆ ಬಂದರೆ, ಭಿತ್ತಿಪತ್ರವನ್ನು ಓದುವುದರೊಡನೆ ಅದನ್ನು ಅಚ್ಚುಹಾಕಿಸಿದವರು ಯಾರೆಂದೂ ಅವರು ಕೇಳಲಿ.