ಕ್ಸೇವಿಯರ್ ಎಂಬ ಹೊಸಮನೆ



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ನಮ್ಮ ಮನೆಗಳಲ್ಲಿ ಕ್ಸೇವಿಯರ್‌ಗಳಿದ್ದಾರೆ, ಹಿರಿಯರಲ್ಲಿ ಚೌರಪ್ಪ, ಚೌರಮ್ಮ ಇದ್ದಾರೆ. ಎರಡೂ ಒಂದೇ ಹೆಸರೆಂದು ಎಷ್ಟೋ ಮಂದಿಗೆ ತಿಳಿಯದು. "ತಾತನ ಹೆಸರು ಹಳೆಯದಾಯಿತು ಫಾದರ್, ಬೇರೆ ಇಡೋಣ" ಎಂಬ ಮಾತನ್ನು ಜ್ಞಾನಸ್ನಾನದ ಸಮಯದಲ್ಲಿ ನಾವು ಕೇಳುತ್ತೇವೆ. ಬಿಡುವ ಮುನ್ನ ಆ ಹೆಸರಿನ ಮೂಲವನ್ನಾದರೂ ತಿಳಿಯಬೇಡವೇ?

ಇದು ಮೊದಲಿಗೆ ಮನುಷ್ಯರ ಹೆಸರಲ್ಲ, ಮನೆಯ ಹೆಸರು. ಬಾಸ್ಕ್ ಭಾಷೆಯಲ್ಲಿ 'ಎಚೆ' ಎಂದರೆ ಮನೆ, 'ಬೆರಿ' ಎಂದರೆ ಹೊಸದು. ಅದು ಜನರ ಬಾಯಲ್ಲಿ ಸವೆದು, ಇಂದಿನ ಸ್ಪೇನಿನಲ್ಲಿರುವ ನವಾರದ ಒಂದು ಊರಿಗೂ ಅಲ್ಲಿನ ಕೋಟೆಮನೆಗೂ ಹೆಸರಾಯಿತು. ನಮ್ಮಲ್ಲಿ ಹೊಸಮನಿ ಎಂಬ ಮನೆತನದ ಹೆಸರಿಲ್ಲವೇ, ಹಾಗೆಯೇ.

ಫ್ರಾನ್ಸಿಸ್ ಹುಟ್ಟಿದ್ದು 1506ರ ಏಪ್ರಿಲ್ 7ರಂದು, ತಾಯಿಯ ಕಡೆಯಿಂದ ಬಂದ ಆ ಮನೆಯಲ್ಲಿ. 1512ರಲ್ಲಿ ಕಾಸ್ಟೀಲ್ ಸೇನೆ ನವಾರವನ್ನು ವಶಪಡಿಸಿಕೊಂಡಿತು. 1515ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕೋಟೆಯನ್ನು ಕೆಡವಲು ಆಜ್ಞೆಯಾಯಿತು. ಆಜ್ಞೆ ಕೊಟ್ಟವರು ಆಗ ರಾಜ್ಯಭಾರ ನೋಡುತ್ತಿದ್ದ ಕಾರ್ಡಿನಲ್ ಸಿಸ್ನೆರೋಸ್. ಧರ್ಮಸಭೆಯವರೇ ಎಂದು ನಾವಿದನ್ನು ಮುಚ್ಚಿಡಬೇಕಿಲ್ಲ. ಬಾಲಕನಿಗೆ ಆಗ ಹತ್ತು ವರ್ಷ.

ಮುಂದೆ ಅಣ್ಣಂದಿರು ನವಾರದ ಪರ ಹೋರಾಡಿದರು. 1521ರಲ್ಲಿ ಪಾಂಪ್ಲೋನದಲ್ಲಿ ಎದುರು ಪಕ್ಷದಲ್ಲಿ ನಿಂತು ಕಾಲು ಮುರಿಸಿಕೊಂಡವರು ಲೊಯೋಲದ ಇಗ್ನಾಸಿ! ಮನೆಯ ಮಗ ಆ ಹೆಸರನ್ನು ದ್ವೇಷದ ಗುರುತಾಗಿ ಹೊತ್ತು ತಿರುಗಬಹುದಿತ್ತು. ಆದರೆ ಪ್ಯಾರಿಸ್ಸಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ವಾಸಿಸಿದರು. 1534ರ ಆಗಸ್ಟ್ 15ರಂದು ಮೋಂಮಾರ್ತ್ರ ಗುಡ್ಡದಲ್ಲಿ ಸಂಗಡಿಗರೊಂದಿಗೆ ವ್ರತ ತೊಟ್ಟರು. ಫ್ರಾನ್ಸಿಸ್ ಹುಟ್ಟೂರಿಗೆ ಮರಳಲಿಲ್ಲ. 1542ರ ಮೇ 6ರಂದು ಗೋವಾ ತಲುಪಿದರು. ಹತ್ತು ವರ್ಷಗಳ ನಂತರ ಚೀನಾದ ತೀರದ ಸಾನ್ಶಿಯನ್ ದ್ವೀಪದಲ್ಲಿ, ಒಂದು ಗುಡಿಸಲಿನಲ್ಲಿ ಪ್ರಾಣಬಿಟ್ಟರು.

1622ರಲ್ಲಿ ಹದಿನೈದನೆಯ ಗ್ರೆಗೊರಿ ಜಗದ್ಗುರುಗಳು ಅವರನ್ನು, ಇಗ್ನಾಸಿಯವರ ಜೊತೆಯಲ್ಲೇ, ಸಂತರೆಂದು ಸಾರಿದರು. ಆ ಭಕ್ತಿಯಿಂದಲೇ ಮನೆಯ ಹೆಸರು ಮಕ್ಕಳ ಹೆಸರಾಗಿ ಲೋಕವೆಲ್ಲ ಹರಡಿತು. ಅಂದಿನ ಸ್ಪಾನಿಷ್‌ನಲ್ಲಿ ಅದರ ಮೊದಲಕ್ಷರದ ಉಚ್ಚಾರ 'ಶ'. ಬಳಿಕ ಸ್ಪೇನಿನಲ್ಲಿ ಅದು ಗಂಟಲಿಗಿಳಿದು 'ಹವಿಯೇರ್' ಆಯಿತು; ಪೋರ್ಚುಗೀಸರು ಇಂದಿಗೂ 'ಶವಿಯೇರ್' ಎನ್ನುತ್ತಾರೆ. ಕೊಂಕಣಿಯ ಸಾವೆರ್, ತಮಿಳಿನ ಸವೇರಿಯಾರ್, ನಮ್ಮ ಚೌರಪ್ಪ, ಎಲ್ಲವೂ ಆ ನಾಲಗೆಯ ಮಕ್ಕಳೇ. ಇಂಗ್ಲಿಷಿನ 'ಝೇವಿಯರ್'ಗಿಂತ ತಾತನ ಹೆಸರೇ ಸಂತರು ತಮ್ಮ ಮನೆಯನ್ನು ಕರೆದ ದನಿಗೆ ಹತ್ತಿರವಾದದ್ದು.