ರಕ್ತ ತೆಳುಗೊಳಿಸುವ ಔಷಧಿಯ ಪ್ರಮಾಣ: ಒಂದು ಐತಿಹಾಸಿಕ ವಿವೇಚನೆ

ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಕಂಪಿಸತೊಡಗಿದಾಗ ಅಲ್ಲಿ ತಂಗಿದ ರಕ್ತ ಹೆಪ್ಪುಗಟ್ಟುವುದೆಂದೂ, ಆ ಹೆಪ್ಪಿನ ತುಣುಕು ಮಿದುಳನ್ನು ಸೇರಿದರೆ ಪಾರ್ಶ್ವವಾಯು ಉಂಟಾಗುವುದೆಂದೂ ವೈದ್ಯರು ಬಲ್ಲರು. ಇದನ್ನು ತಡೆಯುವ ಔಷಧಿಯನ್ನು ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ದೊರೆತ ಬಗೆ ಮಾತ್ರ ನೇರವಾದುದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಯ ರೋಗಿಯನ್ನು ಕಣ್ಣೆದುರಿಗಿಟ್ಟುಕೊಂಡು ಆ ಚರಿತ್ರೆಯನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಕಥೆಯ ಆರಂಭ ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದು ರಕ್ತಸ್ರಾವದಿಂದ ಸಾಯುತ್ತಿದ್ದವು. (ನಮ್ಮ ಉತ್ತರ ಹಿಂದುಸ್ಥಾನದ ಸೇಂಜಿಯೂ ಅದೇ ಕುಲದ ಸಸ್ಯ.) 1933ರಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬನು ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಪಾತ್ರೆಯಲ್ಲಿ ತಂದು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಶಾಲೆಯಲ್ಲಿಟ್ಟನು. ಆರು ವರ್ಷಗಳ ಶ್ರಮದ ಫಲವಾಗಿ ಡೈಕುಮರಾಲ್ ದೊರೆಯಿತು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿಯೂ 1954ರಲ್ಲಿ ಮನುಷ್ಯರ ಔಷಧಿಯಾಗಿಯೂ ಬಳಕೆಗೆ ಬಂದಿತು.

ಔಷಧಿ ದೊರೆತರೂ ಅಳತೆಗೋಲು ನೆಟ್ಟಗಿರಲಿಲ್ಲ. 1935ರಲ್ಲಿ ಕ್ವಿಕ್ ರೂಪಿಸಿದ ಪರೀಕ್ಷೆಯಲ್ಲಿ ರಕ್ತದ್ರವಕ್ಕೆ ಥ್ರಾಂಬೋಪ್ಲಾಸ್ಟಿನ್ ಎಂಬ ಅಂಗಾಂಶದ ಸಾರವನ್ನು ಬೆರೆಸಿ, ಹೆಪ್ಪುಗಟ್ಟಲು ಹಿಡಿಯುವ ಸೆಕೆಂಡುಗಳನ್ನು ಎಣಿಸುತ್ತಿದ್ದರು. ಅಮೆರಿಕದಲ್ಲಿ ಬಳಸುತ್ತಿದ್ದ ಮೊಲದ ಮಿದುಳಿನ ಸಾರ, ಇಂಗ್ಲೆಂಡಿನ ಮಾನವ ಮಿದುಳಿನ ಸಾರದಷ್ಟು ಸೂಕ್ಷ್ಮವಾಗಿರಲಿಲ್ಲ. ಔಷಧಿಯ ಪರಿಣಾಮ ಸಾಕಷ್ಟು ಆಗಿದ್ದರೂ ಅಂಕಿ ಏರುತ್ತಿರಲಿಲ್ಲ. ಅಂಕಿಯನ್ನು ಏರಿಸಲು ವೈದ್ಯರು ಔಷಧಿಯನ್ನೇ ಏರಿಸುತ್ತಿದ್ದರು. ಹೀಗೆ ಪಠ್ಯಗ್ರಂಥದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ವೈದ್ಯನ ರೋಗಿಯೇ ಹೆಚ್ಚು ರಕ್ತಸ್ರಾವಕ್ಕೆ ಗುರಿಯಾದನೆಂಬುದು ವಿಷಾದಕರ. ಮೊದಲ ದಿನವೇ ಭಾರಿ ಪ್ರಮಾಣ ಕೊಡುವ ರೂಢಿ ಅನಗತ್ಯವೆಂದು 1968ರಲ್ಲಿ ಓರೈಲಿ ಮತ್ತು ಅಗೆಲರ್ ತೋರಿಸಿದರು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ಸಾರಗಳನ್ನೂ ಒಂದೇ ಮಾನಕ್ಕೆ ತರುವ ಐ.ಎನ್.ಆರ್. ಪದ್ಧತಿಯನ್ನು ಅಂಗೀಕರಿಸಿತು. ಸಾಮಾನ್ಯವಾಗಿ 2ರಿಂದ 3ರ ನಡುವಣ ಅಂಕಿಯೇ ಇಂದಿನ ಗುರಿ.

ಅಳತೆ ಸರಿಹೋಯಿತು, ಆದರೆ ಅಳೆಯಲ್ಪಟ್ಟವರು ಯಾರು? ಲಯ ತಪ್ಪಿದ ಹೃದಯಕ್ಕೆ ರುಮ್ಯಾಟಿಕ್ ಕವಾಟರೋಗವೂ ಸೇರಿದರೆ ಪಾರ್ಶ್ವವಾಯುವಿನ ಭಯ 17 ಪಟ್ಟಿಗೆ ಏರುವುದೆಂದು 1978ರಲ್ಲಿಯೇ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಸಾರಿತ್ತು. ಆದರೂ 1989ರ ಕೋಪನ್‌ಹೇಗನ್ ಪ್ರಯೋಗ ಮೊದಲುಗೊಂಡು ಪ್ರಮುಖ ಪರೀಕ್ಷೆಗಳು ಈ ಕವಾಟರೋಗಿಗಳನ್ನು ಹೊರಗಿಟ್ಟವು. ಬಾಲ್ಯದ ಗಂಟಲುಬೇನೆಯಿಂದ ಮೊದಲಾಗುವ ಈ ರೋಗ ನಮ್ಮ ದೇಶದಲ್ಲಿ ಇನ್ನೂ ಅಳಿದಿಲ್ಲ; ನರಳುವವರಲ್ಲಿ ನಡುವಯಸ್ಸಿನ ಹೆಂಗಸರೇ ಬಹಳ. ಅವರನ್ನೇ ಕುರಿತು ಭಾರತವೂ ಸೇರಿ 24 ದೇಶಗಳಲ್ಲಿ 4,500ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದ ಇನ್‌ವಿಕ್ಟಸ್ ಪರೀಕ್ಷೆಯ ಫಲ ಹೊರಬಿದ್ದುದು 2022ರಲ್ಲಿ. ರಕ್ತಪರೀಕ್ಷೆಯ ಗೊಡವೆಯಿಲ್ಲದ ಹೊಸ ರಿವರೊಕ್ಸಬಾನ್‌ಗಿಂತ ಹಳೆಯ ಔಷಧಿಯನ್ನು ಸೇವಿಸಿದವರಲ್ಲಿಯೇ ಸಾವು ಕಡಿಮೆ! ಆದುದರಿಂದ ಇಂಥ ರೋಗಿಗೆ ಪದೇ ಪದೇ ರಕ್ತಪರೀಕ್ಷೆ ಇಂದಿಗೂ ತಪ್ಪಿದ್ದಲ್ಲ.

ಈ ಹಳೆಯ ಔಷಧಿಗಳು 'ಕೆ' ಜೀವಸತ್ತ್ವದ ಕೆಲಸವನ್ನು ತಡೆಯುತ್ತವೆ. ಆ ಸತ್ತ್ವವೋ ಹಸಿರು ಸೊಪ್ಪಿನಲ್ಲಿ ಹೇರಳ. ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯೆ, ಹಕ್ಕರಿಕೆ, ಪುಂಡಿಪಲ್ಯಗಳನ್ನು ಉಣ್ಣುವ ಈ ಸೀಮೆಯಲ್ಲಿ ಸೊಪ್ಪು ಹುಲುಸಾಗಿರುವ ದಿನಗಳಿಗೆ ಹೊಂದಿಸಿದ ಪ್ರಮಾಣ ಬೇಸಗೆಯಲ್ಲಿ ಮಿತಿಮೀರಬಹುದು. ಸೊಪ್ಪನ್ನೇ ಬಿಡಿಸುವ ಉಪದೇಶ ಸರಿಯಲ್ಲ; ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಉಣ್ಣುವುದು ಲೇಸು. ನಮ್ಮಲ್ಲಿ ವಾರ್ಫರಿನ್ನಿನಂತೆಯೇ ಪ್ರಚಾರದಲ್ಲಿರುವ ಅಸಿನೊಕೌಮರಾಲ್ ದೇಹದಿಂದ ಬೇಗನೆ ಇಳಿಯುವುದರಿಂದ, ಒಂದು ಹೊತ್ತಿನ ಗುಳಿಗೆ ತಪ್ಪಿದರೂ ಅದರ ಪರಿಣಾಮ ಬೇಗ ಕುಂದುತ್ತದೆ.

ತಾಲ್ಲೂಕು ಪಟ್ಟಣದ ಪ್ರಯೋಗಶಾಲೆಯಲ್ಲಿ ಇಂದು ಥ್ರಾಂಬೋಪ್ಲಾಸ್ಟಿನ್ನಿನ ಪ್ರತಿ ತಂಡದೊಡನೆಯೂ ಅದರ ಸೂಕ್ಷ್ಮತೆಯ ಅಂಕವನ್ನು ಮುದ್ರಿಸಿ ಕಳುಹಿಸುತ್ತಾರೆ. ಶೀಶೆ ಬದಲಾದಾಗ ಲೆಕ್ಕದಲ್ಲಿ ಆ ಅಂಕವನ್ನೂ ಬದಲಿಸದೆ ಹೋದರೆ, ಚೀಟಿಯ ಮೇಲೆ ಐ.ಎನ್.ಆರ್. ಎಂದು ಬರೆದಿದ್ದರೂ ರೋಗಿ 1983ಕ್ಕೆ ಹಿಂದಿನ ಸ್ಥಿತಿಯಲ್ಲಿಯೇ ಇದ್ದಂತೆ.