ಎಂಟೇ ಯಾಕೆ? ಇಂಗ್ಲಿಷ್ ಗ್ರಾಮರ್ ಪಾಠದ ಹಿಂದಿನ ಕಥೆ

"ಪಾರ್ಟ್ಸ್ ಆಫ್ ಸ್ಪೀಚ್ ಎಷ್ಟು?" ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಬಹಳ ಜನ ಯೋಚನೆ ಮಾಡದೇ "ಎಂಟು" ಅಂತೀವಿ. ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್... ಮಿಡ್ಲ್ ಸ್ಕೂಲಿನಲ್ಲಿ ಮಗ್ಗಿಯ ಥರ ಬಾಯಿಪಾಠ ಮಾಡಿದ್ದು ಅಷ್ಟು ಸುಲಭವಾಗಿ ಮರೆಯೋದಿಲ್ಲ. ಆದರೆ ಎಂಟೇ ಯಾಕೆ? ಏಳು ಯಾಕಲ್ಲ, ಹತ್ತು ಯಾಕಲ್ಲ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಕ್ರಿಸ್ತಪೂರ್ವ ಎರಡನೇ ಶತಮಾನದ ಅಲೆಕ್ಸಾಂಡ್ರಿಯಾಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಡಯೊನೀಸಿಯಸ್ ಥ್ರಾಕ್ಸ್ ಎಂಬ ವಿದ್ವಾಂಸನಿದ್ದ. ಅವನ ಹೆಸರಿನಲ್ಲಿ ಉಳಿದುಬಂದಿರುವ ಪುಟ್ಟ ಗ್ರೀಕ್ ವ್ಯಾಕರಣದಲ್ಲಿ ಪದಗಳಿಗೆ ಎಂಟು ವರ್ಗ. ಹೋಮರನಂಥ ಹಳೆಯ ಕವಿಗಳನ್ನು ಸರಿಯಾಗಿ ಓದಿ ಅರ್ಥ ಮಾಡಿಕೊಳ್ಳೋದಕ್ಕೆ ಹುಟ್ಟಿದ ವಿದ್ಯೆ ಅದು. ಮುಂದೆ ರೋಮನ್ನರು ಅದನ್ನು ಲ್ಯಾಟಿನ್ನಿಗೆ ಒಗ್ಗಿಸಿಕೊಂಡರು. ಒಂದು ತೊಡಕು ಬಂತು. ಗ್ರೀಕಿನಲ್ಲಿ ಆರ್ಟಿಕಲ್ ಇದೆ, ಲ್ಯಾಟಿನ್ನಿನಲ್ಲಿ ಇಲ್ಲ. ಆ ಖಾಲಿ ಜಾಗಕ್ಕೆ ಇಂಟರ್ಜೆಕ್ಷನ್ನನ್ನು ತಂದು ಕೂರಿಸಿದರು. ಲೆಕ್ಕ ಮತ್ತೆ ಎಂಟಕ್ಕೇ ಬಂತು!

ಇಂಗ್ಲಿಷಿನ ಸರದಿ ಬಂದದ್ದು ಬಹಳ ತಡವಾಗಿ. 1586ರಲ್ಲಿ ವಿಲಿಯಂ ಬುಲ್ಲೋಕರ್ ಇಂಗ್ಲಿಷಿನ ಮೊದಲ ವ್ಯಾಕರಣ ಬರೆದ. ಎದುರಿಗೆ ಮಾದರಿಯಾಗಿ ಇಟ್ಟುಕೊಂಡದ್ದು ಆಗಿನ ಶಾಲೆಗಳಲ್ಲಿ ಓದಿಸುತ್ತಿದ್ದ ಲ್ಯಾಟಿನ್ ವ್ಯಾಕರಣವನ್ನು. ನಾವು ಬಾಯಿಪಾಠ ಮಾಡಿದ ಆ ಎಂಟರ ಪಟ್ಟಿ ಕಾಣಸಿಗುವುದು 1761ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಬರೆದ ಪುಸ್ತಕದಲ್ಲಿ. ಹೌದು, ಆಮ್ಲಜನಕದ ಪಾಠದಲ್ಲಿ ಬರುವ ಅದೇ ಪ್ರೀಸ್ಟ್ಲಿ! ಮರುವರ್ಷವೇ ಬಂದ ರಾಬರ್ಟ್ ಲೌತನ ವ್ಯಾಕರಣದಲ್ಲಿ ಆರ್ಟಿಕಲ್ಲೂ ಸೇರಿ ಒಂಬತ್ತು ವರ್ಗ. ಅಂದರೆ ಈ ಎಂಟು ದೇವರು ಕೊಟ್ಟ ಸಂಖ್ಯೆಯೇನಲ್ಲ. ಆಯಾ ಕಾಲದ ಮೇಷ್ಟ್ರುಗಳು ತಮ್ಮ ಅನುಕೂಲಕ್ಕೆ ಕೂಡಿಸಿ ಕಳೆದು ಉಳಿಸಿಕೊಂಡದ್ದು.

ಇದನ್ನೆಲ್ಲ ಶಾಲೆಯ ಮನೆಮನೆಗೂ ಮುಟ್ಟಿಸಿದವನು ಲಿಂಡ್ಲೆ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದವ, 1784ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ಊರಿನ ಹತ್ತಿರ ನೆಲೆಸಿದ. ಅಲ್ಲಿ ಕ್ವೇಕರ್ ಪಂಥದವರ ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಕಿಯರು ಕೇಳಿಕೊಂಡರೆಂದು 1795ರಲ್ಲಿ ಒಂದು ವ್ಯಾಕರಣ ಬರೆದುಕೊಟ್ಟ. ಅದು ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. 1797ರಲ್ಲಿ ಅವನೇ ಅಭ್ಯಾಸದ ಪುಸ್ತಕವನ್ನೂ ತಂದ. ತಪ್ಪು ವಾಕ್ಯಗಳನ್ನು ಸಾಲಾಗಿ ಕೊಟ್ಟು ತಿದ್ದಿಸುವುದು ಅದರ ಪದ್ಧತಿ. ಪರೀಕ್ಷೆಯಲ್ಲಿ ನಾವು ಬರೆದ "ಕರೆಕ್ಟ್ ದಿ ಫಾಲೋಯಿಂಗ್ ಸೆಂಟೆನ್ಸಸ್" ಪ್ರಶ್ನೆ ಈ ವಂಶದ್ದೇ.

ನಮ್ಮ ದೇಶಕ್ಕೆ ಈ ವಂಶ ಬೇರೆ ಹೆಸರುಗಳಲ್ಲಿ ಬಂತು. ಮೊದಲು ನೆಸ್‌ಫೀಲ್ಡ್, ಆಮೇಲೆ 1930ರ ದಶಕದಲ್ಲಿ ರೆನ್ ಅಂಡ್ ಮಾರ್ಟಿನ್. ಅಂದ ಹಾಗೆ, ಆ ದಪ್ಪ ಪುಸ್ತಕದ ರೆನ್ ಅಂದರೆ 'ಬ್ಯೂ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದ ಪಿ. ಸಿ. ರೆನ್. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದವ. ಕಥೆ ಬರೆಯಲು ಗೊತ್ತಿದ್ದವನ ಹೆಸರು ನಮ್ಮ ಹುಡುಗರ ಬಾಯಲ್ಲಿ ಉಳಿದದ್ದು ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್‌ನಿಂದ!

ಅತ್ತ ಅಮೆರಿಕದಲ್ಲಿ ಇನ್ನೊಂದು ಹಾದಿ ತೆರೆದುಕೊಂಡಿತ್ತು. 1847ರಲ್ಲಿ ಎಸ್. ಡಬ್ಲ್ಯೂ. ಕ್ಲಾರ್ಕ್ ಎಂಬ ಮೇಷ್ಟ್ರು ವಾಕ್ಯದ ಒಂದೊಂದು ಪದವನ್ನೂ ಒಂದೊಂದು ಬಲೂನಿನೊಳಗೆ ಬರೆದು ಜೋಡಿಸಿ ತೋರಿಸಿದ. 1877ರಲ್ಲಿ ಬ್ರೂಕ್ಲಿನ್ನಿನ ಇಬ್ಬರು ಅಧ್ಯಾಪಕರು, ರೀಡ್ ಮತ್ತು ಕೆಲಾಗ್, ಬಲೂನು ಒಡೆದು ಗೆರೆ ಎಳೆದರು. ಒಂದು ಅಡ್ಡಗೆರೆ, ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ, ನಡುವೆ ಸೀಳಿಕೊಂಡು ಹೋಗುವ ನಿಲುಗೆರೆ. ವಿಶೇಷಣಗಳು ಕೆಳಗೆ ಓರೆಗೆರೆಗಳ ಮೇಲೆ, ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ನೇತಾಡುತ್ತವೆ. ಅಮೆರಿಕದ ಎಷ್ಟೋ ತಲೆಮಾರಿನ ಮಕ್ಕಳು ಬೋರ್ಡಿನ ಮುಂದೆ ನಿಂತು ಈ ಗೆರೆ ಎಳೆದಿದ್ದಾರೆ.

ಇಲ್ಲಿಯವರೆಗೂ ಎಲ್ಲರ ನಂಬಿಕೆ ಒಂದೇ: ವ್ಯಾಕರಣ ಬಂದರೆ ಬರವಣಿಗೆ ತಾನಾಗಿ ಬರುತ್ತದೆ. ಅದು ನಿಜವೇ ಅಂತ ಪರೀಕ್ಷೆ ಮಾಡಿದವರು ಕಡಿಮೆ. 1963ರಲ್ಲಿ ಬ್ರಾಡಕ್ ಮತ್ತು ಇಬ್ಬರು ಸಂಗಡಿಗರು ಆವರೆಗಿನ ಸಂಶೋಧನೆಗಳನ್ನೆಲ್ಲ ಜಾಲಿಸಿ ಅಮೆರಿಕದಲ್ಲಿ ಒಂದು ವರದಿ ಕೊಟ್ಟರು. ವ್ಯಾಕರಣವನ್ನು ಬೇರೆಯಾಗಿ ಕಲಿಸಿದರೆ ಬರವಣಿಗೆಗೆ ಆಗುವ ಲಾಭ ತೀರಾ ಅಲ್ಪ. ಬರೆಯುವ ಹೊತ್ತನ್ನೇ ಅದು ತಿಂದುಹಾಕುವುದರಿಂದ ನಷ್ಟವೂ ಆಗಬಹುದು ಅಂತ ಅದರ ತಿರುಳು. ಮೇಷ್ಟ್ರುಗಳ ಲೋಕದಲ್ಲಿ ಗದ್ದಲವೋ ಗದ್ದಲ! 1976ರಲ್ಲಿ ನ್ಯೂಜಿಲೆಂಡಿನಿಂದ ಇನ್ನೊಂದು ವರದಿ ಬಂತು. ಮೂರು ವರ್ಷ ವ್ಯಾಕರಣ ಕಲಿತ ಮಕ್ಕಳಿಗೂ, ಅದರ ಬದಲು ಕಥೆ ಪುಸ್ತಕ ಓದಿ ಬರೆದ ಮಕ್ಕಳಿಗೂ ಬರವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಆ ಹೆಸರುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕೋಣವೇ? ಆತುರ ಬೇಡ. ಕೆಲವು ದಾರಿಗಳು ಫಲ ಕೊಟ್ಟಿವೆ. ಒಂದು, ಬಿಡಿ ವಾಕ್ಯಗಳನ್ನು ಕೂಡಿಸಿ ಒಂದು ಮಾಡುವ ಅಭ್ಯಾಸ. "ಮಳೆ ಬಂತು. ಹುಡುಗ ಓಡಿದ. ಅವನ ಹತ್ತಿರ ಕೊಡೆ ಇರಲಿಲ್ಲ." ಇದನ್ನೇ "ಮಳೆ ಬಂದಾಗ ಕೊಡೆಯಿಲ್ಲದ ಹುಡುಗ ಓಡಿದ" ಅಂತ ಮಾಡುವುದು. ಇದಕ್ಕೆ ಯಾವ ಹೆಸರೂ ಗೊತ್ತಿರಬೇಕಿಲ್ಲ. ಇನ್ನೊಂದು, 2012ರಲ್ಲಿ ಡೆಬ್ರಾ ಮೈಹಿಲ್ ತಂಡ ಇಂಗ್ಲೆಂಡಿನ 31 ಶಾಲೆಗಳಲ್ಲಿ 12-13 ವಯಸ್ಸಿನ ಮಕ್ಕಳೊಂದಿಗೆ ಮಾಡಿದ ಪ್ರಯೋಗ. ಮಗು ಬರೆಯುತ್ತಿರುವಾಗಲೇ, ಆ ಬರಹಕ್ಕೆ ಬೇಕಾದ ವ್ಯಾಕರಣವನ್ನಷ್ಟೇ ತೋರಿಸಿಕೊಟ್ಟರು. ಬರಹ ಸುಧಾರಿಸಿತು. ಆದರೆ ಹೆಚ್ಚು ಲಾಭ ಆದದ್ದು ಆಗಲೇ ಚೆನ್ನಾಗಿ ಬರೆಯುತ್ತಿದ್ದವರಿಗೆ ಅನ್ನುವುದನ್ನೂ ಮುಚ್ಚಿಡಬಾರದು.

ಸಿಮಿಲಿ, ಮೆಟಫರ್‌ಗಳ ಪಾಡೂ ಇದೇ. ಮೆಟಫರ್ ಅಂದರೆ ಗ್ರೀಕಿನಲ್ಲಿ ಆಚೆಗೆ ಹೊತ್ತೊಯ್ಯುವುದು. ಇವತ್ತಿಗೂ ಗ್ರೀಸಿನಲ್ಲಿ ಸಾಮಾನು ಸಾಗಿಸುವ ಲಾರಿಗಳ ಮೇಲೆ ಆ ಮಾತಿನ ರೂಪವೇ ಇರುತ್ತದೆ. ಸಭೆಯಲ್ಲಿ ಮಾತಾಡಬೇಕಾದವನಿಗೆ ಆಯುಧವಾಗಿ ಕಲಿಸುತ್ತಿದ್ದ ಹೆಸರುಗಳು ಅವು. ನಮ್ಮಲ್ಲೂ ಅಷ್ಟೇ, ಒಂಬತ್ತನೇ ಶತಮಾನದ ಕವಿರಾಜಮಾರ್ಗ ಉಪಮೆ, ರೂಪಕಗಳ ಮಾತೆತ್ತುವುದು ಕಾವ್ಯ ಕಟ್ಟುವವನಿಗೆ ದಾರಿ ತೋರಿಸಲಿಕ್ಕೆ. ಶಾಲೆಗೆ ಬಂದ ಮೇಲೆ ಆಯುಧ ಹೋಗಿ "ಗುರುತಿಸಿ, ಅಡಿಗೆರೆ ಎಳೆಯಿರಿ" ಉಳಿಯಿತು.

ಇಂಗ್ಲೆಂಡಿನಲ್ಲಿ 2013ರಿಂದ 10-11 ವಯಸ್ಸಿನ ಮಕ್ಕಳಿಗೆ ವ್ಯಾಕರಣದ್ದೇ ಪ್ರತ್ಯೇಕ ಪರೀಕ್ಷೆ ಬಂತು. 2014ರ ಪಠ್ಯಕ್ರಮದಲ್ಲಿ 'ಫ್ರಂಟೆಡ್ ಆಡ್‌ವರ್ಬಿಯಲ್' ಎಂಬ ಹೆಸರೂ ಸೇರಿಕೊಂಡಿತು. ವಾಕ್ಯದ ಮೊದಲಿಗೇ "ನಿನ್ನೆ ಸಂಜೆ" ಅಂತ ಇಡುತ್ತೀವಲ್ಲ, ಅದಕ್ಕೇ ಇಷ್ಟು ದೊಡ್ಡ ಹೆಸರು! ಮಕ್ಕಳು ಅದನ್ನು ಚಿಕ್ಕ ವಯಸ್ಸಿಗೇ ಬಳಸುತ್ತಾರೆ, ಹೆಸರು ಮಾತ್ರ ಗೊತ್ತಿರೋದಿಲ್ಲ.

ನಾವೆಲ್ಲ ಕನ್ನಡದಲ್ಲಿ ದಿನಾ ಏನಾದರೂ ಗೀಚುವವರು. ಒಂದು ವಾಕ್ಯ ಎಲ್ಲೋ ತೊಡರುತ್ತದೆ, ಯಾಕೆ ಅಂತ ಹೊಳೆಯುವುದಿಲ್ಲ. "ಕರ್ತೃ ಇಲ್ಲಿದೆ, ಕ್ರಿಯಾಪದ ಮೂರು ಸಾಲು ದೂರ ಹೋಗಿದೆ" ಅಂತ ಯಾರಾದರೂ ತೋರಿಸಿದರೆ ತಕ್ಷಣ ಸರಿಮಾಡುತ್ತೇವೆ. ಆಗ ಆ ಎರಡು ಹೆಸರಿಗೆ ಬೆಲೆ ಬಂತು. ಬಾಯಿಪಾಠದ ಪಟ್ಟಿಯಲ್ಲಿ ಕೂತಿರುವಷ್ಟು ಹೊತ್ತೂ ಅವು ಬೀಗವಿಲ್ಲದ ಬೀಗದಕೈಗಳು. ಮನೆಯಲ್ಲಿ ಆರನೇ ಕ್ಲಾಸಿನ ಮಗುವಿದ್ದರೆ ಇವತ್ತು ನೌನ್ ಎಷ್ಟು ಬಗೆ ಅಂತ ಕೇಳಬೇಡಿ. ನಾಲ್ಕು ಸಾಲು ಬರೆಸಿ, ಆಮೇಲೆ ಪಕ್ಕದಲ್ಲಿ ಕೂತು ಒಂದೇ ಒಂದು ಹೆಸರು ಹೇಳಿಕೊಡಿ. ಸಾಕು.